ಆಟಕ್ಕೆ ಸಿಕ್ಕ ಸೀಟು

ಆಟ ಚೆನ್ನಾಗಿ ಆಡುತ್ತದೆ ಎಂಬ ಕಾರಣಕ್ಕೆ ಹಳ್ಳಿಯ ಮಗುವೊಂದನ್ನು ಖಾಸಗಿ ಶಾಲೆ ಶುಲ್ಕವಿಲ್ಲದೆ ಸೇರಿಸಿಕೊಂಡಾಗ ಧರ್ಮದ ಪ್ರಶ್ನೆಯೊಂದು ಏಳುತ್ತದೆ: ಶಾಲೆ ಸೇರಿಸಿಕೊಂಡದ್ದು ಮಗುವನ್ನೋ, ಅದರ ಆಟವನ್ನೋ? ಇಂಥ ಪ್ರವೇಶ ನಾಡಿಗೆ ಹೊಸದಲ್ಲ. ಕ್ರೀಡಾಪಟುಗಳನ್ನು ದತ್ತು ಪಡೆದು ಓದಿಸುವುದಕ್ಕೆ ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಹೆಸರಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಕಬಡ್ಡಿ, ಕೊಕ್ಕೊ ಆಡಿ ಬೆಳೆಯುವ ಮಕ್ಕಳ ಹೆತ್ತವರಿಗೆ ಇಂಥ ಸೀಟು ದೊಡ್ಡ ಆಸರೆ.

ಸೀಟು ಸಿಕ್ಕರೂ ಸ್ನೇಹ ಸಿಗುವುದು ತಡ. ನಸುಕಿನಲ್ಲೇ ಎದ್ದು ಮೈದಾನ ಸುತ್ತಿದ ಹುಡುಗ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ‘ಸ್ಪೋರ್ಟ್ಸ್ ಕೋಟಾ’ ಎಂಬ ಪಿಸುಮಾತು ಹಿಂದಿನ ಬೆಂಚಿನಿಂದ ಬರುತ್ತದೆ. ಕಪ್ಪು ಗೆದ್ದ ದಿನ ಹೆಗಲ ಮೇಲೆ ಹೊತ್ತವರೇ ಮರುದಿನ ಊಟದ ಹೊತ್ತಿಗೆ ಬೇರೆ ಬೆಂಚು ಹುಡುಕುತ್ತಾರೆ.

ಪಾಂಡವಪುರದ ಕುಂತಿಬೆಟ್ಟದಲ್ಲಿ ವನವಾಸದ ಕಾಲದಲ್ಲಿ ಪಾಂಡವರು ತಾಯಿಯೊಡನೆ ತಂಗಿದ್ದರೆಂಬುದು ಸ್ಥಳೀಯರ ನಂಬಿಕೆ. ಆ ತಾಯಿ ನದಿಗೆ ಬಿಟ್ಟ ಮಗನ ಕತೆಯಲ್ಲಿ ‘ಮಗುವನ್ನೋ, ಆಟವನ್ನೋ’ ಎಂಬ ಪ್ರಶ್ನೆ ಪೂರ್ತಿಯಾಗಿಯೇ ಇದೆ. ಹಸ್ತಿನಾವತಿಯ ಶಸ್ತ್ರ ಪ್ರದರ್ಶನದಲ್ಲಿ ಕರ್ಣ ಅರ್ಜುನನಿಗೆ ಸಮನಾಗಿ ನಿಂತಾಗ ಕೃಪ ಕೇಳಿದ್ದು ಅವನ ಕುಲವನ್ನು. ದುರ್ಯೋಧನ ಅಲ್ಲೇ ಅವನಿಗೆ ಅಂಗರಾಜ್ಯದ ಅಭಿಷೇಕ ಮಾಡಿದ. ಅಷ್ಟರಲ್ಲಿ ಸಾಕುತಂದೆ ಅಧಿರಥ ಬಂದ. ಅಭಿಷೇಕದ ನೀರು ಆರದ ತಲೆಯನ್ನೇ ಬಾಗಿಸಿ ಕರ್ಣ ನಮಸ್ಕರಿಸಿದ. ಅದನ್ನು ಕಂಡ ಭೀಮ, ಸಾರಥಿಯ ಮಗನಿಗೆ ಚಾವಟಿಯೇ ಸಾಕೆಂದು ಹಂಗಿಸಿದ. ದುರ್ಯೋಧನನ ಸ್ನೇಹ ಸುಳ್ಳೆನ್ನುವಂತಿಲ್ಲ. ಆದರೆ ಬಿಲ್ಲು ಹಿಡಿಯಲು ಬಾರದ ಸೂತಪುತ್ರನಿಗೆ ಆ ಸ್ನೇಹ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಪಾಂಡವಪುರ ತಾಲ್ಲೂಕಿನದೇ ಆದ ಮೇಲುಕೋಟೆಯ ಇತಿಹಾಸ ಇನ್ನೂ ಕಟುವಾದದ್ದು. ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಮರಳಿ ತರಲು ನೆರವಾದ ಅಸ್ಪೃಶ್ಯರನ್ನು ರಾಮಾನುಜಾಚಾರ್ಯರು ತಿರುಕುಲದವರೆಂದು ಕರೆದು ದೇಗುಲ ಪ್ರವೇಶ ಕೊಟ್ಟರೆಂದು ಪರಂಪರೆ ಹೇಳುತ್ತದೆ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೂ ಮುಂದಿನ ಶತಮಾನಗಳಲ್ಲಿ ಆ ಬಾಗಿಲು ಅವರಿಗೆ ತೆರೆದಿದ್ದದ್ದು ವರ್ಷದ ಕೆಲವೇ ದಿನ. ಉಪಕಾರಕ್ಕೆ ಪ್ರತಿಯಾಗಿ ಸಿಕ್ಕ ಪ್ರವೇಶಕ್ಕೆ ಹೀಗೆ ಅಳತೆ ಬಿತ್ತು. ಪಂದ್ಯದ ದಿನ ಮಾತ್ರ ‘ನಮ್ಮ ಹುಡುಗ’ ಎನ್ನಿಸಿಕೊಳ್ಳುವ ಆಟಗಾರನ ಪಾಡೂ ಇದೇ.

ಹಾಗೆಂದು ಪ್ರತಿಭೆ ನೋಡಿ ಸೇರಿಸಿಕೊಳ್ಳುವುದೇ ತಪ್ಪಲ್ಲ. ಶುಲ್ಕ ಕಟ್ಟಿದ ಮಗು ಸೇರಿದ್ದು ಅಪ್ಪನ ದುಡ್ಡಿನಿಂದ. ಆಡುವ ಮಗು ಸೇರಿದ್ದು ಸ್ವಂತ ಬೆವರಿನಿಂದ. ಹಂಗಿನ ಭಾರವನ್ನು ಎರಡನೆಯದರ ತಲೆಗೆ ಮಾತ್ರ ಹೊರಿಸುವುದು ಅನ್ಯಾಯ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಂಥ ಮಠಗಳ ದಾಸೋಹ ಸ್ವೀಕಾರಕ್ಕೆ ಬೇರೊಂದು ಅಳತೆಗೋಲು ಕೊಡುತ್ತದೆ. ಅಲ್ಲಿ ಎಲೆಯ ಮುಂದೆ ಕೂತವನಿಗೆ ಏನು ಬರುತ್ತದೆಂದು ಯಾರೂ ಕೇಳುವುದಿಲ್ಲ. ಹಸಿವೆಯೇ ಸಾಕಷ್ಟು ಅರ್ಹತೆ.

ಸ್ವೀಕಾರದ ನಿಜವಾದ ಪರೀಕ್ಷೆ ನಡೆಯುವುದು ಮಂಡಿಗೆ ಪೆಟ್ಟು ಬಿದ್ದು ಆಟ ನಿಂತ ಮೇಲೆ. ಆಗಲೂ ಶಾಲೆಯ ಬೆಂಚು, ಹಾಸ್ಟೆಲ್ಲಿನ ಮಂಚ, ಊಟದ ತಟ್ಟೆ ಓದು ಮುಗಿಯುವವರೆಗೆ ಆ ಮಗುವಿನದೇ ಎಂದು ಶಾಲೆಗಳು ದಾಖಲಾತಿಯ ದಿನವೇ ಬರೆದುಕೊಡಬೇಕು, ಹೆತ್ತವರು ಅದನ್ನು ಕೇಳಿ ಪಡೆಯಬೇಕು.