ಗುರುವಿನ ದನಿ, ಗುರುವಿನ ಋಣ

ಗುರು ತೀರಿಹೋದ ಮೇಲೆ ಶಿಷ್ಯನಾದವನು ಅವರ ನೆನಪನ್ನು ಹೇಗೆ ಗೌರವಿಸಬೇಕು? ಸಂಗೀತಗಾರರಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆ. ಉಸ್ತಾದರ ಹೆಸರೆತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ, ಅವರು ಕಲಿಸಿದ ಬಂದಿಶನ್ನು ಕೆಡದಂತೆ ಹಾಡುತ್ತಾರೆ. ಆದರೆ ನಗಿಸುವುದೇ ಕಸುಬಾದವರು ಏನು ಮಾಡಬೇಕು? ಕೈಯಲ್ಲೊಂದು ಮೈಕ್ ಹಿಡಿದು ಒಬ್ಬರೇ ನಿಂತು ಮಾತಾಡುವ ಸ್ಟ್ಯಾಂಡ್ ಅಪ್ ಕಾಮಿಡಿಯಲ್ಲಿ ಗುರುವಿನ ಜೋಕನ್ನು ಶಿಷ್ಯ ಹೇಳಿದರೆ ಅದನ್ನು ಯಾರೂ ಪರಂಪರೆ ಎನ್ನುವುದಿಲ್ಲ, ಕಳ್ಳತನ ಎನ್ನುತ್ತಾರೆ. ಪಡೆದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವಂತಿಲ್ಲ. ಹಾಗಾದರೆ ಉಳಿಯುವುದೇನು?

ಅಮೆರಿಕದ ಲೆನ್ನಿ ಬ್ರೂಸ್ ಮತ್ತು ಜಾರ್ಜ್ ಕಾರ್ಲಿನ್ ಅವರ ಕಥೆಯನ್ನು ಈ ಪ್ರಶ್ನೆಯ ಎದುರಿಗಿಟ್ಟು ನೋಡೋಣ. ಬ್ರೂಸ್ ಯಾರನ್ನೂ ಮುಂದೆ ಕೂರಿಸಿಕೊಂಡು ಪಾಠ ಹೇಳಿದವರಲ್ಲ. 1960ರಲ್ಲಿ ಕಾರ್ಲಿನ್ ತಮ್ಮ ಗೆಳೆಯ ಜ್ಯಾಕ್ ಬರ್ನ್ಸ್ ಜೊತೆಗೂಡಿ ಹಾಸ್ಯ ಕಾರ್ಯಕ್ರಮ ನೀಡುತ್ತಿದ್ದರು. ಅದರಲ್ಲಿ ಕಾರ್ಲಿನ್ ಮಾಡುತ್ತಿದ್ದ ಲೆನ್ನಿ ಬ್ರೂಸರ ಅನುಕರಣೆಯೂ ಇತ್ತು. ಆಗಲೇ ಹೆಸರು ಮಾಡಿದ್ದ ಬ್ರೂಸ್ ಈ ಹುಡುಗರನ್ನು ನೋಡಿ, ಒಂದು ದೊಡ್ಡ ಏಜೆನ್ಸಿಗೆ ಶಿಫಾರಸು ಮಾಡಿದರು. ಕಾರ್ಲಿನ್ ಅವರ ಬದುಕಿಗೆ ದಾರಿಯಾದದ್ದು ಆ ಒಂದು ಮಾತು.

ಧರ್ಮ, ಜನಾಂಗ, ಲೈಂಗಿಕತೆಗಳ ಬಗ್ಗೆ ಸಮಾಜ ಆಡುವ ನಾಟಕವನ್ನು ಬ್ರೂಸ್ ವೇದಿಕೆಯ ಮೇಲೆ ಬಿಚ್ಚಿಡುತ್ತಿದ್ದರು. ಬಳಸುತ್ತಿದ್ದ ಶಬ್ದಗಳಲ್ಲಿ ಹಲವನ್ನು ನಾವು ಇಲ್ಲಿ ಅಚ್ಚು ಹಾಕಲಾರೆವು. ಅದಕ್ಕಾಗಿ ಮತ್ತೆ ಮತ್ತೆ ಬಂಧನವಾಯಿತು. 1962ರ ಡಿಸೆಂಬರ್‌ನಲ್ಲಿ ಶಿಕಾಗೋದ ಗೇಟ್ ಆಫ್ ಹಾರ್ನ್ ಎಂಬ ಕ್ಲಬ್ಬಿನಲ್ಲಿ ಪೊಲೀಸರು ಕಾರ್ಯಕ್ರಮ ನಿಲ್ಲಿಸಿ ಅವರನ್ನು ಎಳೆದೊಯ್ದರು. ಪ್ರೇಕ್ಷಕರ ಗುರುತಿನ ಚೀಟಿಗಳನ್ನೂ ಕೇಳಿದರು. ಅಂದು ಪ್ರೇಕ್ಷಕರ ನಡುವೆ ಕುಳಿತಿದ್ದ ಕಾರ್ಲಿನ್ ಚೀಟಿ ತೋರಿಸಲು ಒಪ್ಪಲಿಲ್ಲ. ಅವರನ್ನೂ ಅದೇ ವ್ಯಾನಿಗೆ ಹತ್ತಿಸಲಾಯಿತು. (ಇದೆಲ್ಲ ದೂರದ ಹಳೆಯ ಸಂಗತಿ ಎಂದುಕೊಳ್ಳುವವರು 2021ರ ನವೆಂಬರ್ ನೆನಪಿಸಿಕೊಳ್ಳಲಿ. ಬೆಂಗಳೂರಿನಲ್ಲಿ ಮುನವ್ವರ್ ಫಾರೂಕಿಯವರ ಕಾರ್ಯಕ್ರಮಕ್ಕೆ ಪೊಲೀಸರು ಅನುಮತಿ ಕೊಡಲಿಲ್ಲ. ಅದೇ ವರ್ಷ ಜನವರಿಯಲ್ಲಿ ಇಂದೋರ್‌ನಲ್ಲಿ ಬಂಧಿತರಾಗಿ ಅವರು ಒಂದು ತಿಂಗಳಿಗೂ ಮಿಕ್ಕಿ ಜೈಲಿನಲ್ಲಿದ್ದರು.)

1964ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಬ್ರೂಸರಿಗೆ ಅಶ್ಲೀಲತೆಯ ಆರೋಪದಲ್ಲಿ ನಾಲ್ಕು ತಿಂಗಳ ಶಿಕ್ಷೆ ವಿಧಿಸಿತು. ಕ್ಲಬ್ಬುಗಳು ಬಾಗಿಲು ಮುಚ್ಚಿದವು. ಕೊನೆಕೊನೆಗೆ ಅವರು ವೇದಿಕೆಯ ಮೇಲೆ ಜೋಕಿನ ಬದಲು ನ್ಯಾಯಾಲಯದ ಕಲಾಪದ ಪ್ರತಿಯನ್ನೇ ಓದತೊಡಗಿದ್ದರು. ನಗಿಸುವುದು ನಿಂತುಹೋಗಿತ್ತು. 1966ರ ಆಗಸ್ಟ್ 3ರಂದು ಹಾಲಿವುಡ್‌ನ ತಮ್ಮ ಮನೆಯಲ್ಲಿ ಮಾರ್ಫಿನ್ ಅತಿಯಾಗಿ ತೀರಿಕೊಂಡರು. ವಯಸ್ಸು ನಲವತ್ತು. ಪೊಲೀಸರು ಪತ್ರಿಕಾ ಛಾಯಾಗ್ರಾಹಕರನ್ನು ಸ್ನಾನದ ಕೋಣೆಯವರೆಗೂ ಬಿಟ್ಟು, ನೆಲದ ಮೇಲಿದ್ದ ಬೆತ್ತಲೆ ದೇಹದ ಚಿತ್ರ ತೆಗೆಯಲು ಅವಕಾಶ ಕೊಟ್ಟರು.

ಇಂಥ ಗುರುವನ್ನು ಗೌರವಿಸುವುದು ಹೇಗೆ? ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ನಮ್ಮ ಹಿರಿಯರ ರೂಢಿ. ಅದರಲ್ಲಿ ದೊಡ್ಡ ಕರುಣೆಯಿದೆ. ಆದರೆ ಮಾದಕ ವಸ್ತುವಿನ ದಾಸರಾಗಿದ್ದವರನ್ನು ಸಂತರನ್ನಾಗಿಸಿ ಚೌಕಟ್ಟು ಹಾಕಿದರೆ, ನಾಟಕವನ್ನು ಬಯಲು ಮಾಡುವುದೇ ಬದುಕಾಗಿದ್ದವರ ಹೆಸರಿನಲ್ಲಿ ನಾವೇ ಒಂದು ನಾಟಕ ಆಡಿದಂತಾಗುತ್ತದೆ. ಅವರ ಚಟವನ್ನು ಮೆಚ್ಚಬೇಕಿಲ್ಲ, ಶಬ್ದಗಳನ್ನೂ ಮೆಚ್ಚಬೇಕಿಲ್ಲ. ಋಣ ಎಂಬುದು ಮೆಚ್ಚುಗೆಗಿಂತ ಬೇರೆ.

ಕಾರ್ಲಿನ್ ಅದನ್ನು ತೀರಿಸಲು ಹೊರಟ ಬಗೆ ಕುತೂಹಲಕರವಾಗಿದೆ. ಬ್ರೂಸ್ ಸತ್ತಾಗ ಅವರು ಕೋಟು, ಟೈ ಹಾಕಿಕೊಂಡು ಟೆಲಿವಿಷನ್‌ನಲ್ಲಿ ಯಾರಿಗೂ ನೋವಾಗದ ಹಾಸ್ಯ ಮಾಡಿ ಚೆನ್ನಾಗಿ ಸಂಪಾದಿಸುತ್ತಿದ್ದರು. 1970ರ ಹೊತ್ತಿಗೆ ಆ ವೇಷ ಕಳಚಿದರು. 1972ರ ಜುಲೈಯಲ್ಲಿ ಮಿಲ್ವಾಕಿಯಲ್ಲಿ, ಟೆಲಿವಿಷನ್‌ನಲ್ಲಿ ಆಡಬಾರದ ಏಳು ಶಬ್ದಗಳ ಕುರಿತ ತಮ್ಮ ಪ್ರಸಂಗಕ್ಕಾಗಿ ಬಂಧಿತರಾದರು. ಆ ಪ್ರಕರಣ ವಜಾ ಆಯಿತು. ಅದೇ ವಿಷಯದ ಇನ್ನೊಂದು ಪ್ರಸಂಗವನ್ನು ರೇಡಿಯೋ ಕೇಂದ್ರವೊಂದು ಪ್ರಸಾರ ಮಾಡಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1978ರಲ್ಲಿ ಐದು-ನಾಲ್ಕರ ಬಹುಮತದಿಂದ ಸರಕಾರದ ನಿಯಂತ್ರಣವೇ ಗೆದ್ದಿತು. ಗಮನಿಸಿ, ಈ ಯಾವುದರಲ್ಲೂ ಬ್ರೂಸರ ಅನುಕರಣೆಯಿಲ್ಲ. ಬ್ರೂಸ್ ಕಥೆ ಕಟ್ಟುತ್ತಿದ್ದರು, ಪಾತ್ರಗಳ ದನಿಯಲ್ಲಿ ಮಾತಾಡುತ್ತಿದ್ದರು. ಕಾರ್ಲಿನ್ ಶಬ್ದಗಳನ್ನು ಒಂದೊಂದಾಗಿ ಎತ್ತಿ, ಗಡಿಯಾರ ರಿಪೇರಿಯವರಂತೆ ಬಿಡಿಸಿಡುತ್ತಿದ್ದರು. ಗುರುವಿನ ದನಿ ಅನುಕರಿಸುತ್ತಿದ್ದ ಕಾಲದಲ್ಲಿ ಅವರಿಗೆ ಅಪಾಯವೇನೂ ಇರಲಿಲ್ಲ. ದನಿ ಬಿಟ್ಟಮೇಲೆಯೇ ಗುರುವಿನ ಪಾಲಿನ ಅಪಾಯ ಅವರ ಪಾಲಿಗೂ ಬಂತು. 1972ರ ತಮ್ಮ 'ಕ್ಲಾಸ್ ಕ್ಲೌನ್' ಧ್ವನಿಮುದ್ರಿಕೆಯನ್ನು ಅವರು ಅರ್ಪಿಸಿದ್ದು ಬ್ರೂಸರಿಗೆ. ಅಲ್ಲಿ ಬಳಸಿದ್ದು ವೇದಿಕೆಯ ಹೆಸರನ್ನಲ್ಲ, ತಾಯಿತಂದೆ ಇಟ್ಟ ಲಿಯೊನಾರ್ಡ್ ಶ್ನೈಡರ್ ಎಂಬ ಹೆಸರನ್ನು.

ಸರಕಾರವೂ ಒಂದು ದಿನ ಗೌರವ ಸಲ್ಲಿಸಿತು. 2003ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಗವರ್ನರ್ ಜಾರ್ಜ್ ಪಟಾಕಿ ಬ್ರೂಸರಿಗೆ ಕ್ಷಮಾದಾನ ನೀಡಿದರು. ಸತ್ತವರೊಬ್ಬರಿಗೆ ಆ ರಾಜ್ಯ ಕ್ಷಮೆ ನೀಡಿದ್ದು ಅದೇ ಮೊದಲು. ಮೂವತ್ತೇಳು ವರ್ಷ ತಡವಾದ ಕ್ಷಮೆ! ಯಾರು ಯಾರನ್ನು ಕ್ಷಮಿಸಬೇಕಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಆದರೂ ಕಡತದಲ್ಲಿ ಒಂದು ಗೆರೆ ಹೊಡೆದದ್ದು ಸಣ್ಣ ಸಂಗತಿಯಲ್ಲ ಎಂದೇ ನಾವು ಭಾವಿಸುತ್ತೇವೆ.

ಕಾರ್ಲಿನ್ 2008ರ ಜೂನ್ 22ರಂದು ತೀರಿಕೊಂಡರು. 2024ರ ಜನವರಿಯಲ್ಲಿ ಇಬ್ಬರು ಪಾಡ್‌ಕಾಸ್ಟ್‌ನವರು ಕಂಪ್ಯೂಟರಿನಿಂದ ಅವರ ದನಿಯನ್ನು ಸೃಷ್ಟಿಸಿ, ಸತ್ತವರು ಎದ್ದು ಬಂದು ಇಂದಿನ ವಿಷಯಗಳ ಮೇಲೆ ಜೋಕು ಹೇಳಿದಂತೆ ಒಂದು ಗಂಟೆಯ ಕಾರ್ಯಕ್ರಮ ಬಿಟ್ಟರು. ಅವರಿಗದು ಅಭಿಮಾನದ ಕಾಣಿಕೆ. ಮಗಳು ಕೆಲಿ ಕಾರ್ಲಿನ್‌ರಿಗೆ ನೋವಾಯಿತು. ಉತ್ತರಾಧಿಕಾರಿಗಳು ಮೊಕದ್ದಮೆ ಹೂಡಿದರು. ಆಗ ಬರವಣಿಗೆ ಯಂತ್ರದ್ದಲ್ಲ, ಮನುಷ್ಯನದೇ ಎಂಬ ವಿವರಣೆ ಹೊರಬಂತು. ಅಂದರೆ ಬದುಕಿರುವವರು ತಮ್ಮ ಮಾತನ್ನು ಸತ್ತವರ ಬಾಯಿಂದ ಆಡಿಸಿದ್ದರು. ಜನ ನಗದಿದ್ದರೆ ಸೋಲು ಕಾರ್ಲಿನ್‌ರದು, ಯಾರಾದರೂ ಸಿಟ್ಟಾದರೆ ಬೈಗುಳವೂ ಕಾರ್ಲಿನ್‌ರಿಗೆ. ಯುವಕ ಕಾರ್ಲಿನ್ ಬ್ರೂಸರನ್ನು ಅನುಕರಿಸುವಾಗಲಾದರೂ ಎದುರಿಗೆ ನಿಂತದ್ದು ಅವರದೇ ಮುಖ. ಜನ ನಗದಿದ್ದರೆ ಬೆವರುತ್ತಿದ್ದದ್ದು ಅವರೇ.

ಏಪ್ರಿಲ್‌ನಲ್ಲಿ ರಾಜಿಯಾಗಿ ಆ ಕಾರ್ಯಕ್ರಮ ಅಂತರ್ಜಾಲದಿಂದ ಇಳಿಯಿತು. ಕಾರ್ಲಿನ್ ಅವರ ಅಸಲಿ ಧ್ವನಿಮುದ್ರಿಕೆಗಳು ಈಗಲೂ ಸಿಗುತ್ತವೆ. ಬೇಕಾದವರು ಕೇಳಬಹುದು, ಮಕ್ಕಳು ಮಲಗಿದ ಮೇಲೆ.