ಮೊದಲ ಮನೆ ಯಾರಿಗಾಗಿ?

ನಮ್ಮ ನೂಲ್ಪುಳದಂತಹ ಗಡಿನಾಡಿನಿಂದ ಪದವಿ ಮುಗಿಸಿದ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೊರಟಾಗ ಹಿರಿಯರು ಕೊಡುವ ಉಪದೇಶ ಒಂದೇ: ಬಾಡಿಗೆ ಕಡಿಮೆಯಿರುವಲ್ಲಿ ದೊಡ್ಡ ಮನೆ ಹಿಡಿ. ನಗರದ ಹೊರವಲಯದಲ್ಲಿ ಅಂತಹ ಮನೆ ಸಿಗುತ್ತದೆ, ನಿಜ. ಉಳಿದ ಹಣದ ಲೆಕ್ಕ ಎಲ್ಲರಿಗೂ ಕಾಣುತ್ತದೆ. ದಾರಿಯಲ್ಲಿ ಕಳೆದುಹೋಗುವ ಹೊತ್ತಿನ ಲೆಕ್ಕವೇನು? ಆ ಹೊತ್ತು ಯಾರದು?

1898ರ ಪ್ಲೇಗಿನ ಕಾಲದಲ್ಲಿ ರೂಪುಗೊಂಡ ಬಸವನಗುಡಿ ಅಂದು ಊರಾಚೆಯ ಬಡಾವಣೆ, ಇಂದು ನಗರದ ಒಳಭಾಗ. ಅಂತಹ ಕಡೆ ಬಾಡಿಗೆ ಹೆಚ್ಚು, ಮುಂಗಡವೂ ಭಾರ. ಒಂದೇ ಕೋಣೆಗೆ ತೃಪ್ತಿಪಡಬೇಕು. (ನೆಂಟರಿಗೆ ಮಲಗಲು ಜಾಗವಿಲ್ಲವೆಂಬ ದೂರು ಇದ್ದದ್ದೇ.)

ಆದರೆ ಬಂಡೀಪುರದ ಹಾದಿಯಲ್ಲಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು ನೆನೆಯಿರಿ. ರಾತ್ರಿ 9ರಿಂದ ಬೆಳಗಿನ 6ರವರೆಗೆ, ಕೆಲವೇ ಬಸ್ಸುಗಳ ಹೊರತು, ದಾರಿ ಮುಚ್ಚಿರುತ್ತದೆ. ಕಾಡಿಗೂ ವಿಶ್ರಾಂತಿ ಬೇಕು, ನಮಗೆ ತಕರಾರಿಲ್ಲ. ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟು, ಕೋಣೆಯಿಂದ ಚೀಲ ಎತ್ತಿಕೊಂಡು, ಮೈಸೂರು ರಸ್ತೆಯಲ್ಲಿ ಬಸ್ಸು ಹತ್ತುವವರಿಗೆ ಒಂದು ಗಂಟೆಯ ವ್ಯತ್ಯಾಸವೆಂದರೆ, ಅಂದೇ ಮುತ್ತಂಗ ದಾಟಿ ಮನೆಯಲ್ಲಿ ಉಣ್ಣುವುದು, ಇಲ್ಲವೇ ಗುಂಡ್ಲುಪೇಟೆಯಲ್ಲಿ ಬೆಳಗಾಗುವುದನ್ನು ಕಾಯುವುದು.

ಹೆಚ್ಚಿನ ಬಾಡಿಗೆಯಲ್ಲಿ ಒಂದು ಪಾಲನ್ನು ಅನುಕೂಲವಿದ್ದ ಮನೆಯವರೇ ಹೊರಲೆಂದು ನಾವು ಪರಿಚಿತ ಕುಟುಂಬಗಳಿಗೆ ಹೇಳುತ್ತ ಬಂದಿದ್ದೇವೆ. ಬಾಗಿಲಲ್ಲಿ ಕಾದಿರುವವರು ಅವರೇ ತಾನೆ?