ಬಿಟ್ಟ ಮೀನು, ಬಿಡದ ಸಂಕಲ್ಪ

ಹಿಡಿದ ಮೀನನ್ನು ಕೊಲ್ಲದೆ ಮರಳಿ ನೀರಿಗೆ ಬಿಟ್ಟರೆ ಅಲ್ಲಿ ಹಿಂಸೆಯುಂಟೇ? ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಉದ್ಯೋಗದಲ್ಲಿರುವ ನಮ್ಮ ಯುವಕರು ಹೀಗೆ ಕೇಳುವುದುಂಟು. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ.

ಇಂಗ್ಲೆಂಡಿನ ಸಣ್ಣ ಹೊಳೆಗಳಲ್ಲಿ ಗಾಳ ಹಾಕಿ ಕೂರುವುದು ಹಳೆಯ ವಿನೋದ. ಐಸಾಕ್ ವಾಲ್ಟನ್ 1653ರಲ್ಲಿಯೇ ಅದನ್ನು ಹೊಗಳಿ ಗ್ರಂಥ ಬರೆದನು. ಅಲ್ಲಿ ಟ್ರೌಟ್ ಮೀನನ್ನು ಊಟಕ್ಕೆ ಒಯ್ಯುವುದುಂಟು. ಇತರ ಮೀನುಗಳನ್ನು ಹಿಡಿದು ಮರಳಿ ಬಿಡುವುದೇ ಈಗಿನ ವಾಡಿಕೆ. ನಮ್ಮ ನಾಡಿನ ಭೀಮೇಶ್ವರಿಯಲ್ಲಿಯೂ ಕಾವೇರಿಯ ಮಹಶೀರ್ ಮೀನಿಗಾಗಿ ಇಂಥ ಕ್ರೀಡೆ ಬಹುಕಾಲ ನಡೆಯಿತು. ಅದು ಅಭಯಾರಣ್ಯವಾದುದರಿಂದ 1972ರ ವನ್ಯಜೀವಿ ಕಾಯಿದೆಯ ಕಾರಣ ಕಡೆಗೆ ನಿಂತಿತು. ಗಾಳಗಾರರಿದ್ದುದರಿಂದಲೇ ಸಿಡಿಮದ್ದಿನಿಂದ ಮೀನು ಕೊಲ್ಲುವವರು ದೂರವಿದ್ದರೆಂಬ ವಾದವುಂಟು. ಅದರಲ್ಲಿ ಹುರುಳಿದೆ. ಆದರೆ ನದಿಯನ್ನು ಕಾಯಲು ಕಣ್ಣು ಬೇಕು, ಗಾಳ ಬೇಕಿಲ್ಲ.

ಮೃಗಸೇನ ಧೀವರನೂ ಮೀನನ್ನು ಹಿಡಿದು ಬಿಟ್ಟವನಲ್ಲವೇ ಎಂದು ಕೇಳಬಹುದು. ಸೋಮದೇವಸೂರಿಯ ಯಶಸ್ತಿಲಕದಲ್ಲಿ ಬರುವ ಈ ಬೆಸ್ತನು, ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವೆನೆಂದು ಮುನಿಗಳಿಂದ ವ್ರತ ಪಡೆದನು. ಅಂದು ಬಾರಿಬಾರಿಗೂ ಅದೇ ಮೀನು ಸಿಕ್ಕಿತು. ಪ್ರತಿ ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಮರಳಿದನು. ಅವನ ಬಲೆ ಹೊಟ್ಟೆಪಾಡಿನದು, ಬಿಡುಗಡೆ ತ್ಯಾಗದ್ದು. ವಿನೋದಿಗೆ ಮೀನನ್ನು ಬಿಡುವುದರಲ್ಲಿ ನಷ್ಟವೇನೂ ಇಲ್ಲ. ಅವನು ಬಯಸಿದ ಸುಖ ಮೀನಿನ ಹೋರಾಟದಲ್ಲಿಯೇ ಮುಗಿದಿರುತ್ತದೆ.

ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಪ್ರಾಣ ಹೋಗದಿದ್ದರೂ ವ್ರತ ಮಲಿನವಾಗುವುದೆಂಬುದೇ ಇವುಗಳ ತಾತ್ಪರ್ಯ. ದಾರಕ್ಕೆ ಸಿಲುಕಿಸುವುದು ಬಂಧ, ಬಾಯನ್ನು ಚುಚ್ಚುವುದು ಛೇದ. ಪಂಚೇಂದ್ರಿಯ ಜೀವವಾದ ಮೀನನ್ನು ಬಿಡಬಹುದು. ಗಾಳಕ್ಕೆ ಸಿಕ್ಕಿಸಿದ ದ್ವೀಂದ್ರಿಯ ಎರೆಹುಳುವನ್ನು ಬಿಡುವವರಾರು? ಪ್ರಯೋಜನವಿಲ್ಲದ ಹಿಂಸೆಯಾದ್ದರಿಂದ ಇದು ಅನರ್ಥದಂಡವೂ ಹೌದು. ಸ್ವಿಟ್ಜರ್ಲೆಂಡ್ ದೇಶವೂ 2008ರ ಪ್ರಾಣಿರಕ್ಷಣಾ ನಿಯಮದಲ್ಲಿ, ಮರಳಿ ಬಿಡುವ ಉದ್ದೇಶದಿಂದ ಗಾಳ ಹಾಕುವುದನ್ನು ನಿಷೇಧಿಸಿತು.

ಹಡಗಲಿ, ಹರಪನಹಳ್ಳಿ ಸೀಮೆಯ ತುಂಗಭದ್ರೆಯಲ್ಲಿ, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದಲ್ಲಿ, ಕೂಡ್ಲಿಗಿ, ಕೊಟ್ಟೂರುಗಳ ಕೆರೆಗಳಲ್ಲಿ ಬಲೆ ಬೀಸುವವರನ್ನು ಕಂಡು ಮುಖ ತಿರುಗಿಸುವುದು ನಮಗೆ ಸುಲಭ. ಅವರ ವೃತ್ತಿ ಶ್ರಾವಕನಿಗೆ ವಿಹಿತವಲ್ಲ, ನಿಜ. ಆದರೂ ಮಕ್ಕಳ ಅನ್ನಕ್ಕಾಗಿ ಬಲೆ ಬೀಸುವವನನ್ನು ಹಳಿದು, ರಜೆಯ ವಿನೋದಕ್ಕೆ ಗಾಳ ಹಿಡಿದವನನ್ನು ಸಭ್ಯನೆಂದು ಮನ್ನಿಸುವುದು ನ್ಯಾಯವಲ್ಲ. ಮೃಗಸೇನನು ಹುಟ್ಟಿದ್ದು ಆ ಬಲೆಯವರ ಕುಲದಲ್ಲಿಯೇ.

ಉಪವಾಸ ಮಾಡಿದವರಿಗೆ ಹಸಿವು ಏನೆಂದು ಗೊತ್ತು. ವ್ರತಿಯು ತನ್ನ ಹಸಿವನ್ನು ತಾನೇ ಸಹಿಸುತ್ತಾನೆ; ಗಾಳವು ಮತ್ತೊಂದು ಜೀವದ ಹಸಿವನ್ನೇ ವಂಚನೆಯ ಸಾಧನವಾಗಿಸುತ್ತದೆ. ಇವೆರಡೂ ಒಂದೇ ಮನೆಯಲ್ಲಿ ಬಾಳಲಾರವು. ಆದುದರಿಂದ ಯುವಕರಿಗೆ ಹೇಳಬೇಕಾದ ಮಾತು ಇಷ್ಟೇ: ಮೀನನ್ನು ಬಿಡುವುದು ಒಳ್ಳೆಯದು, ಗಾಳವನ್ನು ಬಿಡುವುದು ವ್ರತ.